ವಿಮಾನ ಬಂದಾಗ ‘ಆನೆ’ ಎಂದು ಕೂಗಿದ ನೇತ್ರಾವತಿ

ಮಂಜು ಇನ್ನೂ ಹುಲ್ಲು ಬಿಟ್ಟು ಎದ್ದಿಲ್ಲ. ಹೊಂಗಡಹಳ್ಳದಾಚೆಯ ಕಾಫಿ ಎಸ್ಟೇಟೊಂದರ ನಡುವೆ ಉದ್ದಕ್ಕೆ ಚಾಚಿದ ಬಯಲಿನಲ್ಲಿ ನೇತ್ರಾವತಿ ಬಗ್ಗಿ ನಿಂತಿದ್ದಾರೆ. ಎದುರಿಗೆ ಬಾಣಲೆಯಷ್ಟು ಅಗಲದ ಗುಂಡಿ, ರಾತ್ರಿ ದಾಟಿಹೋದ ಆನೆಯ ಹೆಜ್ಜೆ. ಅದಕ್ಕೆ ಮಣ್ಣು ಸುರಿದು, ದಿಮ್ಮಸಿನಿಂದ ಬಡಿದು, ಮೇಲೆ ನಿಂತು ನೋಡುತ್ತಾರೆ. ಗಟ್ಟಿಯಾಗಿದೆ ಅನ್ನಿಸಿದರೆ ಮುಂದಿನ ಹೆಜ್ಜೆಗೆ.

“ಒಂಟಿ ಆನೆ ಆದ್ರೆ ಬೇಗ ಮುಗೀತದೆ. ಮರಿ ಕಟ್ಕೊಂಡು ಬಂದಿದ್ರೆ ಬುಡಿ, ನಮ್ ಮನೆ ಮಕ್ಳಂಗೇ. ಒಂದ್ ಕಡೆ ನಿಲ್ಲಕಿಲ್ಲ, ಬಯಲೆಲ್ಲ ಕುಣ್ದಿರ್ತದೆ,” ಎಂದು ನಗುತ್ತಾರೆ.

ಇದು ವಿಮಾನ ಇಳಿಯುವ ಬಯಲು. ಎಸ್ಟೇಟ್ ಮಾಲೀಕ ಚಂದ್ರಶೇಖರ ಅವರ ಪುಟ್ಟ ವಿಮಾನ ವಾರಕ್ಕೆ ಎರಡು ಮೂರು ಸಲ ಬರುತ್ತದೆ. ನೇತ್ರಾವತಿ ಮೊದಲು ಕಾಫಿ ಹಣ್ಣು ಕೊಯ್ಯುತ್ತಿದ್ದವರು. ಮೆಣಸು ಬಿಡಿಸುವಾಗ ಏಣಿಯಿಂದ ಬಿದ್ದು ಭುಜ ಮುರಿಯಿತು. ಕೈ ತಲೆಗಿಂತ ಮೇಲೆ ಏಳದಾದಾಗ ಆಳುಗಳ ಲೆಕ್ಕ ನೋಡುವ ರೈಟರ್ ಈ ಕೆಲಸಕ್ಕೆ ಹಾಕಿದರು. ಗಂಡ ಸಿದ್ದು ಸಕಲೇಶಪುರದಲ್ಲಿ ಆಟೊ ಓಡಿಸುತ್ತಾರೆ. ಇಬ್ಬರು ಹೆಣ್ಣುಮಕ್ಕಳ ಬುತ್ತಿ ಕಟ್ಟಿಟ್ಟು, ಒಲೆ ಆರುವ ಮೊದಲೇ ಈಕೆ ಬಯಲಲ್ಲಿರುತ್ತಾರೆ.

ಗುಂಡಿ ಮುಚ್ಚುವುದು, ದನ ಅಟ್ಟುವುದು, ಜೊತೆಗೆ ಆನೆ ಕಂಡರೆ ಕೂಗುವುದು, ಎಲ್ಲವೂ ಅವರದೇ ಹೊಣೆ. ಕೂಗು ಕೇಳಿದವರು ತಿರುಗಿ ನೋಡುವಂತಿಲ್ಲ, ಬುಟ್ಟಿ, ಬುತ್ತಿ ಎತ್ತಿಕೊಳ್ಳುವಂತಿಲ್ಲ. ಬಯಲಿನ ಪಕ್ಕದ ದಿಬ್ಬದ ಮೇಲಿರುವ ಸ್ಟೋರ್, ಅಂದರೆ ಕಾಫಿ ಮೂಟೆ ಇಡುವ ಕಲ್ಲುಕಟ್ಟಡಕ್ಕೆ ಓಡಿ ಬಾಗಿಲು ಹಾಕಿಕೊಳ್ಳಬೇಕು. ತಮಾಷೆಗೆ ಕೂಡ ಸುಳ್ಳು ಕೂಗಬಾರದು; ಕೂಗಿದ ಮಕ್ಕಳ ಬೆನ್ನಿಗೆ ಏಟು ಬೀಳುತ್ತದೆ.

ಕಳೆದ ಕೊಯ್ಲಿನಲ್ಲಿ ಈ ಕಟ್ಟಳೆ ಮುರಿದವರು ನೇತ್ರಾವತಿಯೇ.

ಅಂದು ಬೆಳಿಗ್ಗೆ ಹಣ್ಣು ಕೊಯ್ಯುವ ಹೆಂಗಸರು ಬಯಲಿನ ಎಡ ಅಂಚಿನಲ್ಲಿ ನಿಂತಿದ್ದರು. ವಿಮಾನ ಇಳಿದ ಮೇಲೆ ದಾಟಿ ಆಚೆಯ ತೋಟಕ್ಕೆ ಹೋಗುವುದು ರೂಢಿ. ಚಕ್ರ ನೆಲ ಮುಟ್ಟಿತು. ನೇರ ಓಡಬೇಕಾದ ವಿಮಾನ ಎಡಕ್ಕೆ ತಿರುಗಿತು.

“ಮುಂದಿನ ಚಕ್ರ ತಿರುಗಿಸುವ ಕೊಂಡಿ ಕಳಚಿತ್ತು. ಪೆಡಲ್ ತುಳಿದರೆ ಕಾಲು ಸುಮ್ಮನೆ ಒಳಗೆ ಹೋಗುತ್ತೆ, ವಿಮಾನ ಮಾತು ಕೇಳಲ್ಲ,” ಎನ್ನುತ್ತಾರೆ ಪೈಲಟ್ ಸುನಿಲ್‌ಕುಮಾರ್. “ಎಂಜಿನ್ ಆರಿಸಿದೆ, ಬಲಗಡೆ ಬ್ರೇಕ್ ಒತ್ತಿದೆ. ಒದ್ದೆ ಹುಲ್ಲು, ಜಾರಿತು. ಎದುರಿಗೆ ಜನ. ಅಲ್ಲಿಗೆ ನನ್ನ ಕೈಯಲ್ಲಿದ್ದದ್ದು ಮುಗಿದಿತ್ತು.”

ನೇತ್ರಾವತಿ ಕಂಡದ್ದೂ ಅದನ್ನೇ. “‘ವಿಮಾನ ಬಂತು’ ಅಂದ್ರೆ ನಮ್ಮೋರು ಓಡ್ತಾರಾ? ಬಾಯ್ ಬುಟ್ಕೊಂಡು ನೋಡ್ತಾರೆ. ಅರ್ಧ ಜನ ಮೊಬೈಲ್ ಹಿಡ್ಕೊಂಡು ನಿಂತಿದ್ರು ಕಣ್ರೀ! ಅದ್ಕೇ ‘ಆನೆ! ಆನೆ!’ ಅಂತ ಕಿರುಚ್ಬುಟ್ಟೆ.”

ಒಬ್ಬರೂ ತಿರುಗಿ ನೋಡಲಿಲ್ಲ. ಬುಟ್ಟಿಗಳು ಬಿದ್ದಲ್ಲೇ ಬಿದ್ದವು, ಹೆಂಗಸರು ದಿಬ್ಬ ಏರಿ ಸ್ಟೋರ್ ಸೇರಿದರು. ವಿಮಾನ ಅಂಚು ದಾಟಿ, ಅವರು ನಿಂತಿದ್ದ ಜಾಗಕ್ಕೇ ನುಗ್ಗಿ, ಬುಟ್ಟಿಗಳನ್ನು ಅಪ್ಪಚ್ಚಿ ಮಾಡಿ ನಿಂತಿತು. ಮಗುಚಲಿಲ್ಲ; ಅಂಚಿನಾಚೆಯ ಆನೆ ಹೆಜ್ಜೆಗಳನ್ನೂ ನೇತ್ರಾವತಿ ಮುಚ್ಚಿದ್ದರು. ಸುನಿಲ್‌ಕುಮಾರ್ ತಾವೇ ಬಾಗಿಲು ತೆಗೆದು ಇಳಿದರು. ಯಾರಿಗೂ ಒಂದು ಗೀರು ಕೂಡ ಆಗಿರಲಿಲ್ಲ.

ಸ್ಟೋರ್ ಬಾಗಿಲು ಸ್ವಲ್ಪವೇ ತೆರೆದು ಮೊದಲು ಇಣುಕಿದವರು ಹಿರಿಯಾಕೆ ಮಾದೇವಮ್ಮ. “ಎಲ್ಲೇ ನಿನ್ನ ಆನೆ? ಅದ್ಕೆ ರೆಕ್ಕೆ ಯಾವಾಗ ಬಂತೇ? ನೋಡು, ನನ್ ಅಕ್ಕಿರೊಟ್ಟಿ ಮೇಲೇ ನಿಂತೈತೆ!” ಎಂದವರು ಓಡಿಬಂದು ನೇತ್ರಾವತಿಯನ್ನು ಅಪ್ಪಿಕೊಂಡು ಅತ್ತುಬಿಟ್ಟರು.

ವಿಷಯ ತಿಳಿದು ಬಂದ ಚಂದ್ರಶೇಖರ ಅವರು ಎಲ್ಲರ ಮುಂದೆ ಆಕೆಗೆ ಕೈ ಮುಗಿದರು. ವಿಮಾನ ಬರುವಾಗ ಎಲ್ಲರೂ ದಿಬ್ಬದ ಮೇಲೇ ಇರಬೇಕೆಂದು ಆ ದಿನವೇ ಹೇಳಿಸಿದರು. ಆದರೆ ನೇತ್ರಾವತಿಗೆ ಬೇರೆಯದೇ ಚಿಂತೆ ಹತ್ತಿತ್ತು.

“ಇನ್ಮೇಲೆ ನಿಜವಾಗ್ಲೂ ಆನೆ ಬಂದಾಗ ‘ಇವ್ಳದು ಸುಳ್ಳು’ ಅಂತ ಒಬ್ರು ನಿಂತ್ಬುಟ್ರೂ ಮುಗೀತು. ಆ ಪಾಪ ನಂದೇ ಅಲ್ವಾ? ಊಟ ಸೇರ್ತಿರ್ಲಿಲ್ಲ ನಂಗೆ.”

ಆ ದಿನ ಬಂದೇ ಬಂತು. ಬಿಸಿಲೆ ಕಾಡಿನ ಕಡೆಯಿಂದ ಒಂಟಿ ಸಲಗವೊಂದು ಹಾಡಹಗಲೇ ತೋಟಕ್ಕೆ ಇಳಿಯಿತು. ನೇತ್ರಾವತಿ ಕೂಗಿದರು. ಗಿಡಗಳ ನಡುವಿನಿಂದ ಎಲ್ಲರೂ ಎದ್ದು ಓಡಿದರು, ಒಬ್ಬರೂ ಹಿಂದೆ ಉಳಿಯಲಿಲ್ಲ. ಕೊನೆಯವರಾಗಿ ಸ್ಟೋರ್ ಒಳಗೆ ಬಂದ ನೇತ್ರಾವತಿ ಏದುಸಿರು ಬಿಡುತ್ತ, “ನಂಬಿದ್ರೇನಕ್ಕಾ?” ಎಂದು ಕೇಳಿದರಂತೆ.

ಮಾದೇವಮ್ಮ ಅಗುಳಿ ಹಾಕುತ್ತ ಹೇಳಿದ್ದನ್ನು ಈಗ ಅವರದೇ ದನಿಯಲ್ಲಿ ಹೇಳಿ ತೋರಿಸುವಾಗ ನೇತ್ರಾವತಿಯ ಮುಖ ಅರಳುತ್ತದೆ: “ನೀನು ಕೂಗಿದ್ರೆ ಓಡೋದೇ ಕಣೇ ಮಾರಾಯ್ತಿ. ಆನೆನೋ, ವಿಮಾನನೋ, ಬಾಗ್ಲು ಹಾಕ್ಕೊಂಡ್ಮೇಲೆ ನೋಡ್ಕೊಂಡ್ರಾಯ್ತು.”