ಶೇಡಬಾಳದ ಶಿಬಿರದಲ್ಲಿ ಅಳಿಸಿಹೋದ ಎಡ-ಬಲ

೧೯೯೮ರಲ್ಲಿ ನಾನು ಚಿಕ್ಕೋಡಿಯ ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಶೇಡಬಾಳದ ಉಚಿತ ಕಣ್ಣಿನ ಶಿಬಿರಕ್ಕೆ ರೋಗಿಗಳ ಪಟ್ಟಿ ಮಾಡಿಕೊಡುವ ಕೆಲಸ ಬಂತು. ತಪಾಸಣೆಯ ಚೀಟಿಗಳನ್ನು ಅಂಗಡಿಗೇ ತರಿಸಿಕೊಂಡು ಟೈಪ್ ಮಾಡಿದೆ. ಹೆಸರು ಇಂಗ್ಲಿಷಿನಲ್ಲಿ, ಯಾವ ಕಣ್ಣಿಗೆ ಪೊರೆಯ ಆಪರೇಷನ್ ಎಂಬುದು ಮಾತ್ರ ಕನ್ನಡದಲ್ಲಿ, ಎಡ ಅಥವಾ ಬಲ.

ನನ್ನ ಯಂತ್ರದಲ್ಲಿದ್ದದ್ದು ವಿಂಡೋಸ್ ಎನ್‌ಟಿ. ಅಲ್ಲಿ ಒಂದೇ ಕೆಲಸಕ್ಕೆ ಎರಡು ಬಗೆಯ ಫಂಕ್ಷನ್, ಅಂದರೆ ಸಿದ್ಧ ಆದೇಶ. ಯುನಿಕೋಡ್ ಫಂಕ್ಷನ್ ಅಕ್ಷರಕ್ಕೆ ಎರಡು ಬೈಟ್ ಜಾಗ ಕೊಡುತ್ತದೆ, ಕನ್ನಡವೂ ಹಿಡಿಯುತ್ತದೆ. ಕಿರಿದಾದದ್ದು ಒಂದೇ ಬೈಟಿನದು, ಇಂಗ್ಲಿಷಿಗಷ್ಟೇ ಸಾಕು. ಶಿಬಿರದ ಕಂಪ್ಯೂಟರಿನಲ್ಲಿದ್ದ ವಿಂಡೋಸ್ ೯೫ ಯುನಿಕೋಡ್ ಫಂಕ್ಷನ್ನುಗಳನ್ನು ಒಪ್ಪಲೇ ಇಲ್ಲ. ಆಪರೇಷನ್ನಿನ ದಿನ ಬೆಳಗ್ಗೆ, ಶಿಬಿರದಲ್ಲೇ ಕೂತು, ಅವಸರದಲ್ಲಿ, ಎಲ್ಲವನ್ನೂ ಕಿರಿದಾದವಕ್ಕೆ ಬದಲಿಸಿದೆ. ಪ್ರೋಗ್ರಾಂ ಓಡಿತು, ಹೆಸರುಗಳು ಬಂದವು, ಪಟ್ಟಿ ಮುದ್ರಿಸಿ ಕೊಟ್ಟೆ. ಚಹಾ ಕುಡಿದು ಜಂಬದಿಂದ ಊರಿಗೆ ಮರಳುವ ರೈಲು ಹತ್ತಿದೆ.

ಉಗಾರ ಸ್ಟೇಷನ್ ಬರುವಷ್ಟರಲ್ಲಿ ತಪ್ಪು ಹೊಳೆಯಿತು. ಒಂದು ಬೈಟಿನಲ್ಲಿ ಹಿಡಿಯದ ಅಕ್ಷರ ಬಂದರೆ ಆ ಫಂಕ್ಷನ್ ತಕರಾರು ಮಾಡುವುದಿಲ್ಲ, ಸುಮ್ಮನೆ ಪ್ರಶ್ನಾರ್ಥಕ ಚಿಹ್ನೆ ಬರೆದುಬಿಡುತ್ತದೆ. ಎಡವೂ ಎರಡಕ್ಷರ, ಬಲವೂ ಎರಡಕ್ಷರ. ಎರಡೂ '??'. ಥೂ ನನ್ನ ಬುದ್ಧಿಗೆ! ಆ ಕಾಲಮ್ಮನ್ನು ನಾನು ನೋಡಿಯೇ ಇರಲಿಲ್ಲ. ತಪಾಸಣೆಯ ಚೀಟಿಗಳೂ ನನ್ನ ಅಂಗಡಿಯಲ್ಲೇ ಉಳಿದಿದ್ದವು, ಶಿಬಿರದಲ್ಲಿ ಫೋನಿಲ್ಲ. ಉಗಾರದಲ್ಲಿ ಇಳಿದವನೇ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಖಾಲಿ ಮಾಡಿ ಶೇಡಬಾಳದ ಕಡೆ ಮರಳುತ್ತಿದ್ದ ಟ್ರ್ಯಾಕ್ಟರ್ ಹತ್ತಿದೆ.

"ಸ್ವಲ್ಪ ಜೋರ ಹೊಡೀರಿ ಅಣ್ಣಾ!"

"ಇದು ಟ್ರ್ಯಾಕ್ಟರ್ ಐತ್ರಿ ಸಾಹೇಬ್ರ, ವಿಮಾನ ಅಲ್ಲ," ಎಂದ ಚಾಲಕ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಶಿಬಿರದಲ್ಲಿ ನರ್ಸ್ ವಿಮಲಾ ಆ ಕಾಲಮ್ಮನ್ನು ಪೆನ್ನಿನಿಂದ ತುಂಬಿಬಿಟ್ಟಿದ್ದರು. "ಮಷೀನ್ ಮರ್ತಿತ್ರಿ. ಒಬ್ಬೊಬ್ಬರ್ನೂ ಕೇಳಿ ಬರದೀನಿ," ಎಂದರು. ಮೊದಲ ರೋಗಿ ತಾರಾಬಾಯಿ, ಉಗಾರ ಬುದ್ರುಕದ ಹೊಲಗೆಲಸದ ಅಜ್ಜಿ, ಆಗಲೇ ಮೇಜಿನ ಮೇಲಿದ್ದಳು. ಅವಳ ಹೆಸರಿನ ಮುಂದೆ 'ಬಲ' ಎಂದಿತ್ತು.

ಬಾಗಿಲಲ್ಲೇ ನಿಂತು ಕೂಗಿದೆ: "ಡಾಕ್ಟ್ರ, ನಿಲ್ಲಸ್ರಿ! ಆ ಪಟ್ಟಿ ನಂಬಬ್ಯಾಡ್ರಿ. ತಪ್ಪು ನಂದೈತಿ!"

ವೈದ್ಯರು ಅಜ್ಜಿಯ ಬಲಗಣ್ಣಿನ ಮೂಲೆಯನ್ನು, ಮೂಗಿನ ಪಕ್ಕದಲ್ಲಿ, ಬೆರಳಿನಿಂದ ಒತ್ತಿದರು. ಕೀವು ಬಂತು. ಕೀವಿರುವ ಕಡೆ ಕತ್ತರಿಸಿದರೆ ಕಣ್ಣೇ ಹೋಗಬಹುದು. ಅದಕ್ಕೇ ತಪಾಸಣೆಯಲ್ಲಿ ಎಡಗಣ್ಣನ್ನು ಆರಿಸಿದ್ದರು.

"ಮತ್ತ ಬಲ ಅಂತ ಯಾಕ ಹೇಳ್ದಿ, ಆಯಿ?" ವಿಮಲಾ ಅಜ್ಜಿಯತ್ತ ಬಾಗಿ ಕೇಳಿದರು.

"ಯಾವ ಕಣ್ಣು ಅಂತ ಕೇಳಿದ್ಯಲ್ಲ ಬಾಯಿ, ನೋವು ಇದಕ್ಕಽ ಐತಿ."

ವೈದ್ಯರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಎಲ್ಲ ರೋಗಿಗಳನ್ನೂ ಮತ್ತೆ ಪರೀಕ್ಷಿಸಿ, ಆಮೇಲೆ ಕೆಲಸ ಶುರುಮಾಡಿದರು.

ಮರುದಿನ ತಾರಾಬಾಯಿಯ ಎಡಗಣ್ಣಿನ ಬಟ್ಟೆ ಬಿಚ್ಚಿದರು. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ನಿನ್ನೆ ಒದರಿದಾಂವ ನೀನಽ ಏನ? ಪುಣ್ಯಾ ಕಟಗೊಂಡಿ ನೋಡಪಾ."

"ತಪ್ಪು ಮಾಡಿದಾಂವನೂ ನಾನಽ, ಆಯಿ," ಎಂದೆ. ಅಜ್ಜಿ ನಕ್ಕಳು. ನನಗೆ ನಗು ಬರಲಿಲ್ಲ.

ಪ್ರೋಗ್ರಾಂ ತಕರಾರು ಮಾಡದಿದ್ದರೆ ಕೆಲಸ ಆಯಿತು ಎಂದು ನಂಬಿದ್ದವನು ನಾನು. ಆಮೇಲೆ ಎಷ್ಟೋ ವರ್ಷ ಈ ಕೆಲಸ ಮಾಡಿದೆ. ಪ್ರೋಗ್ರಾಂ ಬರೆದದ್ದನ್ನು ತಿರುಗಿ ತೆರೆದು, ಒಂದೊಂದು ಕಾಲಮ್ಮನ್ನೂ ಓದಿ ನೋಡದೆ ಯಾರ ಕೈಗೂ ಕೊಟ್ಟಿಲ್ಲ.