ಮೂರು ಗೊಂಚಲಿನ ಹಾರ

ರಾಣೇಬೆನ್ನೂರು ದಾಟಿ, ಬ್ಯಾಡಗಿಯ ಮೆಣಸಿನಕಾಯಿ ಘಾಟು ಹೊತ್ತು ಬರುವ ಪುಣೆಯ ಗಾಡಿ ಹಾವೇರಿಯಲ್ಲಿ ಕೂಗಿತೆಂದರೆ ವೆಂಕೂಬಾಯಿಯವರ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ನಿಂತುಬಿಡುತ್ತಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವ ಅಕ್ಕೋರು ಅವರು. ಮೊದಲು ಮುಂಬಯಿಯಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಕೂತಿದ್ದರು. ಸಾವಿರದೊಂಬೈನೂರ ನಲವತ್ತೆರಡರಲ್ಲಿ, ಯುದ್ಧದ ಕಾಲ, ಅಲ್ಲಿ ಬಾಂಬು ಬೀಳುತ್ತದೆಂಬ ಸುದ್ದಿ ಹಬ್ಬಿದಾಗ ಅಣ್ಣ ರಾಘಣ್ಣ ಹೋಗಿ ಕರೆತಂದಿದ್ದ. ಟ್ರಂಕಿಗೆ ಸುತ್ತಿದ್ದ ಹಗ್ಗವನ್ನು ಅವರು ವರ್ಷ ಕಳೆದರೂ ಬಿಚ್ಚಿರಲಿಲ್ಲ.

ಅಲ್ಲಿ ಬಿಟ್ಟುಬಂದದ್ದು ಒಂದು ಪ್ರಶ್ನೆ. ಇಂಗಾಲದ ಪರಮಾಣುವಿನ ಬೀಜಕೇಂದ್ರದಲ್ಲಿ ಹನ್ನೆರಡು ಕಣಗಳಿವೆ. ಅವು ನಾಲ್ಕು ನಾಲ್ಕಾಗಿ ಕೂಡಿ, ಮೂರು ಗೊಂಚಲಾಗಿ ತ್ರಿಕೋನದಲ್ಲಿ ಕೂತಿವೆ ಎಂದು ಕೆಲವರು ಹೇಳುತ್ತಿದ್ದರು. ಹೊರಗಿನ ಶಕ್ತಿ ತಗುಲಿ ಬೀಜಕೇಂದ್ರ ಉದ್ರೇಕಗೊಂಡಾಗ ಆ ಗೊಂಚಲುಗಳಿಗೆ ಏನಾಗುತ್ತದೆ? ಲೆಕ್ಕವು ಪ್ರಯೋಗದ ಅಳತೆಗೆ ಹೊಂದಿದರೆ ಜೂನಿನಲ್ಲಿ ಬಾ, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಎಂದು ಪ್ರೊಫೆಸರರು ಹೇಳಿಕಳಿಸಿದ್ದರು.

ಕಣ್ಣಿಗೆ ಕಾಣುವಂಥ ಮಾದರಿಯೊಂದು ಬೇಕೆನಿಸಿ, ಅವರು ಹಿಂದಿನ ಓಣಿಯಲ್ಲಿ ಏಲಕ್ಕಿ ಹಾರ ಕಟ್ಟುವ ರಮಜಾನಬಿಯ ಹತ್ತಿರ ಹೋದರು.

"ನಾಕ್ ನಾಕು ಯಾಲಕ್ಕಿದು ಒಂದೊಂದು ಗೊಂಚಲ. ಅಂಥವು ಮೂರು. ನಡುವಿನ ದಾರ ಮಾತ್ರ ಸಡಲ ಇರಲಿ."

ರಮಜಾನಬಿ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದಳು. "ಹನ್ನೆರಡ ಯಾಲಕ್ಕಿ ಹಾರ ಯಾರ ಕೊಳ್ಳಾಗ ಹಾಕವ್ರದೀರಿ ಅಕ್ಕೋರ, ಅಳಿಲಿಗೇನು?"

"ನಗಬ್ಯಾಡ. ಅವು ಅಲುಗ್ಯಾಡಬೇಕು."

"ಅಲುಗ್ಯಾಡೋ ಹಾರ ನನ್ನ ಕೈಯಾಗಿಂದ ಹೊಂಟ್ರ, ಬಿಗಿ ಕಟ್ಟೂದು ಕಲಿಸಿದ ನಮ್ಮತ್ತಿ ಗೋರ್ಯಾಗಿಂದ ಎದ್ದ ಬರತಾಳ್ರಿ."

ಮಾದರಿ ಸಿದ್ಧವಾಗಿ ಬಂತು. ಮೂಲೆಗಳಿಗೆ ಜರಿ ಬೇರೆ. ಎಳೆದು ನೋಡಿದರೆ ಕೂದಲೆಳೆಯಷ್ಟೂ ಜಗ್ಗದು. ವೆಂಕೂಬಾಯಿ ನಿಟ್ಟುಸಿರುಬಿಟ್ಟು, ಕತ್ತರಿ ತಂದು ಮೂರು ದಾರಗಳಲ್ಲಿ ಒಂದನ್ನು ಕತ್ತರಿಸಿದರು. ತ್ರಿಕೋನ ಬಿಚ್ಚಿಕೊಂಡು ಗೊಂಚಲುಗಳು ಸಾಲಾಗಿ ಜೋತುಬಿದ್ದವು. ಹಾಗಾದರೆ ಉದ್ರೇಕವೆಂದರೆ ಒಂದು ಬಂಧ ಕಡಿಯುವುದೇ? ಆಸೆಯಿಂದ ಲೆಕ್ಕ ಹಾಕಿದರು. ಪ್ರಯೋಗದಲ್ಲಿ ಅಳೆದ ಶಕ್ತಿ ನಾಲ್ಕೂವರೆ ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಇರುವಲ್ಲಿ ಉತ್ತರ ಎರಡೂವರೆಯನ್ನೂ ಮುಟ್ಟಲಿಲ್ಲ.

ಬಂಧದ ಬಲವನ್ನು ಹೆಚ್ಚುಕಡಿಮೆ ಇಮ್ಮಡಿ ಹಿಡಿದರೆ ಲೆಕ್ಕವೂ ಅಳತೆಯೂ ಹೊಂದಿಬಿಡುತ್ತಿದ್ದವು. ಆಗ ಉದ್ರೇಕಗೊಳ್ಳದೆ ಶಾಂತವಾಗಿ ಕೂತ ಇಂಗಾಲದ ಲೆಕ್ಕ ಸುಳ್ಳಾಗುತ್ತಿತ್ತು. ಮುಂಬಯಿಯ ಸಮುದ್ರ, ಗ್ರಂಥಾಲಯದ ಎತ್ತರದ ಕಿಟಕಿ, ತನ್ನ ಹೆಸರು ಕರೆಯುವ ಗೆಳತಿಯರು ಎಲ್ಲ ಕಣ್ಣೆದುರು ಬಂದು ನಿಂತರೂ ಅವರು ಬಲ ಹೆಚ್ಚಿಸಲಿಲ್ಲ. ಹೊಂದಲಿಲ್ಲ ಎಂದೇ ಪ್ರೊಫೆಸರರಿಗೆ ತಿಳಿಸಿದರು.

ಜೂನಿನಲ್ಲಿ ಆ ಜಾಗಕ್ಕೆ ಬೇರೊಬ್ಬರು ಬಂದರು. ವೆಂಕೂಬಾಯಿ ಟ್ರಂಕಿನ ಹಗ್ಗ ಬಿಚ್ಚಿ ಹಿತ್ತಲಲ್ಲಿ ಬಟ್ಟೆ ಹರವಲು ಕಟ್ಟಿದರು. ಗೋಡೆಯಾಚೆಯಿಂದ ರಮಜಾನಬಿ ಅದನ್ನು ನೋಡಿ, ಟ್ರಂಕಿನ ಹಗ್ಗವೆಂದು ಗುರುತು ಹಿಡಿದಳು.

ಎಂಟು ದಿನ ಬಿಟ್ಟು ಸೆರಗಿನ ಮರೆಯಲ್ಲಿ ಏನನ್ನೋ ತಂದಳು. ಮತ್ತೆ ಮೂರು ಗೊಂಚಲು. ಈ ಸಲ ಮೂರು ದಾರಗಳೂ ಇದ್ದವು, ಮೂರೂ ಸಡಿಲ.

"ಯಾರಿಗೂ ತೋರಸಬ್ಯಾಡ್ರಿ. ನಮ್ಮ ಮನ್ಯಾಗಂತೂ ಹೇಳಬ್ಯಾಡ್ರಿ."

"ಈಗ ಯಾಕ ಮಾಡಿದಿ? ಹೊತ್ತು ಮೀರೇದ."

"ನೀವು ಕೇಳಿದ್ದು ಇಂಥಾದ್ದಲ್ಲೇನ್ರಿ. ಆಗ ನನ್ನ ಕೈ ಕೇಳಲಿಲ್ಲ."

ವೆಂಕೂಬಾಯಿ ಹಾರವನ್ನು ಕಿಟಕಿಯ ಸರಳಿಗೆ ತೂಗುಹಾಕಿದರು. ಗೊಂಚಲುಗಳು ದೂರ ಸರಿದವು, ಮತ್ತೆ ಹತ್ತಿರ ಬಂದವು. ಯಾವ ದಾರವೂ ಕಡಿಯಲಿಲ್ಲ. ತಾವು ಕತ್ತರಿ ಹಾಕಿದ್ದೇ ಅವಸರವಾಯಿತು; ಕಡಿಯುವುದನ್ನಲ್ಲ, ಈ ತುಯ್ದಾಟವನ್ನು ಮೊದಲು ಲೆಕ್ಕ ಹಾಕಬೇಕಿತ್ತು.

ಪುಣೆಯ ಗಾಡಿ ಕೂಗಿತು. ಅವರು ಕಿಟಕಿಯಾಚೆ, ಹೊಗೆ ಕರಗುವವರೆಗೂ ನೋಡಿದರು. ಆಮೇಲೆ ಒಂದು ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಮಿಕ್ಕೆರಡು ಹೇಗೆ ಅಲುಗುತ್ತವೆಂದು ನೋಡುತ್ತ ಕೂತರು.