ಅತ್ತೆಯ ಒಲೆಗೆ ಜಲಜನಕ

ಎಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಬ್ಯಾಡಗಿಗೆ ಬಂದಿದ್ದೆ. ದಿನಾ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಾವ ಮೆಣಸಿನಕಾಯಿ ವ್ಯಾಪಾರಿ. ಅತ್ತೆಯದು ಹತ್ತಿಗಿಡದ ಒಣಕಟ್ಟಿಗೆ ಉರಿಸುವ ಒಲೆಯ ಅಡುಗೆಮನೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿತ್ತೇ ಹೊರತು, ಹೊಗೆಯೊಳಗೆ ಅತ್ತೆ ಕಾಣಿಸುತ್ತಿರಲಿಲ್ಲ. ಗ್ಯಾಸಿನ ಮಾತೆತ್ತಿದರೆ ಮಾವ, "ಗ್ಯಾಸಿನ ರೊಟ್ಟಿ ತಿಂದ್ರ ಹೊಟ್ಟ್ಯಾಗ ಗ್ಯಾಸ್ ಆಗತೈತಿ" ಎಂದು ಮುಗಿಸಿಬಿಡುತ್ತಿದ್ದರು.

ಒಂದು ಸಂಜೆ ನಾನು ಮರುದಿನದ ಪಾಠ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ ಅತ್ತೆ ಕೇಳಿದರು, "ಜಲಜನಕ ಅಂದ್ರ ಏನವಾ?"

"ಒಂದು ಅನಿಲರೀ. ಸುಟ್ರ ಹೊಗಿ ಬರಂಗಿಲ್ಲ, ನೀರು ಬರತೈತಿ."

"ಬೆಂಕಿ ಹಚ್ಚಿದ್ರ ನೀರು? ನಿನಗ ಸಾಲ್ಯಾಗ ನೌಕರಿ ಕೊಟ್ಟವರ್ಯಾರು?"

ರವಿವಾರ ಹಿತ್ತಲಲ್ಲಿ ಮಾಡಿಯೇ ತೋರಿಸಿದೆ. ಸತುವಿನ ಚೂರಿನ ಮೇಲೆ ಆಮ್ಲ ಹನಿಸಿ, ಬಂದ ಅನಿಲವನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಕಡ್ಡಿ ಗೀರಿದೆ. 'ಟಪ್' ಎಂದಿತು. ನೋಡಲು ಬಂದಿದ್ದ ಪಕ್ಕದ ಮನೆಯಾಕೆ ಅಲ್ಲೇ ಕಟ್ಟಿದ್ದ ಎಮ್ಮೆಯ ಹಿಂದೆ ಅಡಗಿದಳು. ಅತ್ತೆ ಮಾತ್ರ ಕೊಳವೆಯೊಳಗೆ ಇಣುಕಿ, "ಖರೇನ ಹನಿ ಕುಂತಾವ! ಇನ್ನ ಇದರ ಮ್ಯಾಲೆ ಒಂದು ರೊಟ್ಟಿ ಬೇಯಸು" ಎಂದರು.

ಈ ಅನಿಲ ರೊಟ್ಟಿಯ ಅಂಚು ಬೆಚ್ಚಗಾಗುವಷ್ಟೂ ಇಲ್ಲ, ಇದನ್ನು ಅಗ್ಗವಾಗಿ ತಯಾರಿಸುವ ದಾರಿಯನ್ನು ದೊಡ್ಡ ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ ಎಂದೆ.

"ಅವರು ಹುಡುಕೂತನಾ ನಾ ಕೆಮ್ಮಕೋಂತ ಕುಂದರಲೇನು? ಹೊಗಿ ಹಿಡಿಯೂದಾದ್ರೂ ಗೊತ್ತೈತೇನು?"

ಹೊಗೆಯನ್ನಲ್ಲ, ಅದರ ಜೊತೆ ಏಳುವ ಇಂಗಾಲದ ಅನಿಲವನ್ನು ಸುಣ್ಣದ ತಿಳಿನೀರು ಹಿಡಿಯುತ್ತದೆ, ಹಿಡಿದಾಗ ಬೆಳ್ಳಗಾಗುತ್ತದೆ ಎಂದು ವಿವರಿಸಿದೆ. ಅಷ್ಟು ಸಾಕಾಯಿತು.

ಮರುದಿನ ಶಾಲೆಯಿಂದ ಬಂದಾಗ ಒಲೆಯ ಮೇಲಿನ ನೆಲುವಿನಲ್ಲಿ ಮಜ್ಜಿಗೆ ಗಡಿಗೆಯ ಬದಲು ಸುಣ್ಣದ ತಿಳಿನೀರು ತುಂಬಿದ ಅಗಲ ತಟ್ಟೆ, ಪರಾತ ತೂಗುತ್ತಿತ್ತು. ನೀರಿನ ಮೇಲೆ ಬಿಳಿ ಪದರ, ಅದರ ಮೇಲೆ ಕರಿ ಮಸಿ. ಅತ್ತೆ ಅದನ್ನು ಇಳಿಸಿಕೊಂಡು ನೇರ ಪಡಸಾಲೆಗೆ ನಡೆದರು. ಅಲ್ಲಿ ಮಾವ ಇನ್ನೊಬ್ಬ ವ್ಯಾಪಾರಿಯೊಂದಿಗೆ ಕುಳಿತಿದ್ದರು.

"ನೋಡ್ರಿ, ಇದು ಒಂದು ದಿನದ ಅಡಿಗಿದು. ಇಷ್ಟು ವರ್ಷ ಪರಾತ ಇಟ್ಟಿದ್ದಿಲ್ಲ. ಎಲ್ಲಾ ನನ್ನ ಎದ್ಯಾಗ ಹಿಡದೇನಿ."

ನನ್ನೊಳಗಿನ ಟೀಚರು ಸುಮ್ಮನಿರಲಿಲ್ಲ. "ಅತ್ತೀ, ಬರೇ ಗಾಳಿಗಿಟ್ರೂ ಸ್ವಲ್ಪ ಪದರ..."

"ನೀ ಸುಮ್ಮನಿರವಾ, ಸಾಲಿ ಬಿಟ್ಟೈತಿ."

ವ್ಯಾಪಾರಿ ಬೆರಳಿನಿಂದ ಆ ಪದರವನ್ನು ಮುಟ್ಟಿ ನೋಡಿ, "ನಮ್ಮನ್ಯಾಗೂ ಇಂಥಾದ ಒಲಿ" ಎಂದು ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಹೊರಟರು. ಮರುದಿನ ಬೆಳಿಗ್ಗೆ ಮಾವ ಯಾರಿಗೂ ಹೇಳದೆ ಹಾವೇರಿಯ ಬಸ್ಸು ಹತ್ತಿ, ಗ್ಯಾಸಿಗೆ ಹೆಸರು ಬರೆಸಿ ಬಂದರು.

ಹೆಸರು ಬರೆಸಿದ್ದಷ್ಟೇ. ಸಿಲಿಂಡರು ಬರುವ ಹೊತ್ತಿಗೆ ನನಗೆ ಮಗಳು ಹುಟ್ಟಿ, ನಡೆಯಲೂ ಕಲಿತಿದ್ದಳು. ಅತ್ತೆ ಸಿಲಿಂಡರಿಗೆ ಕುಂಕುಮ ಹಚ್ಚಿ, ಮಾವನನ್ನು ಕರೆದು, "ಇನ್ನ ಹೊಗಿ ಇಲ್ಲ. ಮುಂಜಾನಿ ಚಹಾ ನೀವ ಮಾಡ್ರಿ" ಎಂದರು.

ಮರುದಿನ ಮಾವ ಮಾಡಿದರು. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ನಾನು ಒಂದು ಗುಟುಕಿಗೇ ಹಿತ್ತಲಿಗೆ ಓಡಿದೆ. ಅತ್ತೆ ಕಾಲು ಚಾಚಿ ಕುಳಿತು, ಕಪ್ಪಿನ ಕೆಳಗಿನ ಬಸಿಗೆ ಚಹಾ ಸುರಿದುಕೊಂಡು, ಪೂರ್ತಿ ಕುಡಿದರು.